ಶುಕ್ರವಾರ ನಮ್ಮ ಕಾರು ಆಚೆ ಹೋಗಲ್ಲ

ನೋಟೀಸು ಬಂದ ದಿನ ನಾನು ಮೊದಲು ಬೈದಿದ್ದು ಪೋಸ್ಟ್‌ಮ್ಯಾನ್‌ನ. ಪಾಪ, ಅವನದೇನು ತಪ್ಪು. ಆದ್ರೆ ಐವತ್ನಾಲ್ಕು ವರ್ಷದಲ್ಲಿ ಪೊಲೀಸರು ನನ್ನ ಹೆಸರಿಗೆ ಕಾಗದ ಬರೆದಿದ್ದು ಅದೇ ಮೊದಲು, ಎದುರಿಗೆ ಸಿಕ್ಕಿದ್ದು ಅವನೇ. ನಾಗಲಕ್ಷ್ಮಿ, ಕೋಂ ಮುನಿರಾಮಯ್ಯ, ಹುಣಸಮಾರನಹಳ್ಳಿ ಅಂತ ವಿಳಾಸ ಸರಿಯಾಗೇ ಬರೆದಿದ್ರು. ಫೆಬ್ರವರಿ ಇಪ್ಪತ್ತೊಂದನೇ ತಾರೀಕು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಏರ್‌ಪೋರ್ಟ್ ರಸ್ತೆ ಫ್ಲೈಓವರ್ ಮೇಲೆ ನಿಮ್ಮ ಕಾರು ತೊಂಬತ್ತೇಳು ಕಿಲೋಮೀಟರ್ ಸ್ಪೀಡಲ್ಲಿ ಹೋಗಿದೆ, ಅಲ್ಲಿ ಎಂಬತ್ತು ದಾಟಂಗಿಲ್ಲ, ದಂಡ ಕಟ್ಟಿ ಅಂತ. ಕೆಳಗೊಂದು ಫೋಟೋ. ಫೋಟೋದಲ್ಲಿ ಬರೀ ನಂಬರ್ ಪ್ಲೇಟು.

ನಂಬರು ನಮ್ಮದೇ. ತಲೆಬುಡ ಅರ್ಥ ಆಗದೆ ಇದ್ದಿದ್ದು ಅದೇ. ಯಾಕಂದ್ರೆ ಶುಕ್ರವಾರ ನಮ್ಮ ಕಾರು ಆಚೆ ಹೋಗಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎತ್ತಿನಗಾಡಿ ಇತ್ತು, ಆಗಲೂ ಶುಕ್ರವಾರ ಲಕ್ಷ್ಮಿ ಪೂಜೆ ದಿನ ಅಂತ ಗಾಡಿ ಮನೆ ಬಿಟ್ಟು ಕದಲ್ತಿರಲಿಲ್ಲ. ಗದ್ದೆ ಹೋಗಿ ಸೈಟಾಯ್ತು, ಸೈಟು ಹೋಗಿ ಬಾಡಿಗೆ ಮನೆಗಳಾದ್ವು, ಎತ್ತು ಹೋಗಿ ಕಾರು ಬಂತು, ಈ ಪದ್ಧತಿ ಮಾತ್ರ ನಾನು ಬಿಟ್ಟಿಲ್ಲ. ಕಾರು ನನ್ನ ಹೆಸರಲ್ಲಿ ಇರೋದೂ ಅದಕ್ಕೇ. ಹೆಸರಲ್ಲೇ ಲಕ್ಷ್ಮಿ ಇದಾಳೆ, ಅವರ ಹೆಸರಿಗೇ ಮಾಡಿಸಿ ಅಂತ ಜೋಯಿಸರು ಹೇಳಿದ್ರು. ನನಗೆ ಸೈಕಲ್ಲೂ ಬರಲ್ಲ. ಕಾರು ಓಡಿಸೋನು ಮುಜಫ್ಫರ್, ಮೂರು ವರ್ಷದಿಂದ ನಮ್ಮನೇಲೇ ಇರೋ ಡ್ರೈವರ್.

ನೋಟೀಸು ಹಿಡ್ಕೊಂಡು ಒಳಗೆ ಬಂದೆ. ಯಜಮಾನರು ಊಟಕ್ಕೆ ಕೂತಿದ್ರು.

"ಏನ್ರೀ, ಫೆಬ್ರವರಿ ಇಪ್ಪತ್ತೊಂದಕ್ಕೆ ನಮ್ಮ ಕಾರು ಎಲ್ಲಿಗೆ ಹೋಗಿತ್ತು?"

ಮುದ್ದೆ ಮುರೀತಿದ್ದ ಕೈ ಅಲ್ಲೇ ನಿಂತುಬಿಡ್ತು. ನನ್ನ ಮುಖ ನೋಡಿದ್ರು, ತಟ್ಟೆ ನೋಡಿದ್ರು. "ನಂಗೇನೇ ಗೊತ್ತು? ಅಂಗೆ ದಿಢೀರಂತ ತಾರೀಕು ಕೇಳಿದ್ರೆ ಇಂಗೇ ಅಂತ ಏಳಾಕಾಯ್ತದಾ?"

ಮಗ ಅಶ್ವತ್ಥ್‌ನ ಕೇಳಿದೆ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಕೈಯಲ್ಲೇ ಮೊಬೈಲ್ ಇಟ್ಕೊಂಡು "ನೋಡ್ಬೇಕಮ್ಮ" ಅಂದವನು ನೋಡದೇನೇ ಮಹಡಿ ಹತ್ತಿಬಿಟ್ಟ. ಸರಿ, ನಾನೇ ನೋಡ್ತೀನಿ ಅಂತ ಗೋಡೆ ಕ್ಯಾಲೆಂಡರ್ ಹತ್ರ ಹೋದೆ. ಹಾಲು, ಗ್ಯಾಸು, ನೆಂಟರ ಮನೆ ಕಾರ್ಯ ಎಲ್ಲ ಅದರಲ್ಲೇ ಗುರುತು ಹಾಕೋದು ನನ್ನ ಅಭ್ಯಾಸ. ಜನವರಿ ಇತ್ತು, ಮಾರ್ಚ್ ಇತ್ತು. ಫೆಬ್ರವರಿ ಹಾಳೆ ಇಲ್ಲವೇ ಇಲ್ಲ.

"ಯಾರ್ರೀ ಇದನ್ನ ಹರಿದಿದ್ದು?"

"ಯಾರೋ ಅರಿದವ್ರೆ ಬಿಡು. ಸಾವಿರ ರೂಪಾಯಿ ತಾನೆ, ಕಟ್ಟಿ ಬಿಸಾಕು ಅತ್ಲಾಗೆ," ಅಂದ್ರು ಯಜಮಾನರು, ಕೈ ತೊಳ್ಕೊಂಡು ಎದ್ದೇಬಿಟ್ರು.

ಮೈಯೆಲ್ಲ ಉರೀತು ನನಗೆ. ಮಾಡದೆ ಇರೋ ತಪ್ಪಿಗೆ ಯಾಕೆ ಕಟ್ಟಬೇಕು? ಕ್ಯಾಮೆರಾಗೇನು, ಯಾರ್ದೋ ಕಾರಿಗೆ ನಮ್ಮ ನಂಬರು ಅಂಟಿಸಿರುತ್ತೆ. ಅವತ್ತೇ ಕೂತು ನಾಲ್ಕು ಹಾಳೆ ತಕರಾರು ಅರ್ಜಿ ಬರೆದೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು ನಾನು, ಕನ್ನಡದಲ್ಲಂತೂ ಯಾರಿಗೂ ಕಮ್ಮಿ ಇಲ್ಲ. "ಶುಕ್ರವಾರದಂದು ನಮ್ಮ ವಾಹನವು ಮನೆ ಬಿಟ್ಟು ಕದಲುವುದಿಲ್ಲ. ವಾಹನವನ್ನು ಓಡಿಸುವವರು ನಮ್ಮ ಚಾಲಕರಾದ ಮುಜಫ್ಫರ್‌ರವರು ಮಾತ್ರ. ಅವರು ಎಂದೂ ಐವತ್ತು ದಾಟಿದವರಲ್ಲ. ಬೇಕಾದರೆ ಅವರನ್ನೇ ವಿಚಾರಿಸಿ," ಅಂತ ಬರೆದು, ಅವನ ಲೈಸೆನ್ಸ್ ನಂಬರನ್ನೂ ಕೆಂಪು ಇಂಕಲ್ಲಿ ಬರೆದು ಕಳಿಸಿದೆ.

ಮೇಲಿನ ಮನೆಯಲ್ಲಿ ಭಾಗ್ಯಶ್ರೀ ಅಂತ ಒಬ್ಬಳು ಲಾಯರ್ ಹುಡುಗಿ ಬಾಡಿಗೆಗಿದಾಳೆ, ಜಮಖಂಡಿ ಕಡೆಯವಳು. ಕೋರ್ಟಿಗೆ ಹಾಜರಾಗಿ ಅಂತ ಕಾಗದ ಬಂದಾಗ ಅವಳಿಗೆ ತೋರಿಸಿದೆ. ನನ್ನ ಅರ್ಜಿ ನಕಲು ಓದಿ ಹೊಗಳ್ತಾಳೆ ಅಂದ್ಕೊಂಡಿದ್ದೆ. ಓದ್ತಾ ಓದ್ತಾ ತಲೆ ಮೇಲೆ ಕೈ ಇಟ್ಕೊಂಡಳು.

"ಆಂಟಿ, ಇದೇನ್ ಮಾಡೀರಿ? ಡ್ರೈವರ್ ಹೆಸರ ಯಾಕ ಬರದ್ರಿ?"

"ಅವನು ಒಳ್ಳೆ ಹುಡುಗ ಅಂತ ಗೊತ್ತಾಗಲಿ ಅಂತ ಕಣಮ್ಮ."

"ರೊಕ್ಕ ಕಟ್ಟಿದ್ರ ಯಾರು ಓಡಿಸಿದ್ರು ಅಂತ ಯಾರೂ ಕೇಳ್ತಿದ್ದಿಲ್ರಿ. ಈಗ ನೀವಾಗೇ ಅವನ ಹೆಸರ ಕೇಸಿನ್ಯಾಗ ಹಾಕಿಸೀರಿ. ಅವನ ಲೈಸೆನ್ಸ್ ಮ್ಯಾಲ ಮೊದಲ ಏನರ ಅದಾವೇನು?"

ಮುಜಫ್ಫರ್‌ನ ಕರೆಸಿ ಕೇಳಿದ್ವಿ. ಎರಡು ಸ್ಪೀಡ್ ಕೇಸಿದ್ವು. ನಮ್ಮನೆಗೆ ಬರೋಕೆ ಮುಂಚೆ ಬಾಡಿಗೆ ಟ್ಯಾಕ್ಸಿ ಓಡಿಸ್ತಿದ್ದಾಗ ಬಿದ್ದಿದ್ದು. ಮೂರನೇದು ಕೋರ್ಟಲ್ಲಿ ರುಜುವಾತಾದ್ರೆ ಲೈಸೆನ್ಸು ಮೂರು ತಿಂಗಳು ಅಮಾನತು ಆಗಬಹುದು ಅಂದಳು ಭಾಗ್ಯಶ್ರೀ. ಮುಂದಿನ ತಿಂಗಳು ಒಂದನೇ ತಾರೀಕಿಗೆ ಅವನು ಯಲಹಂಕದ ಒಂದು ಕಾಲೇಜಲ್ಲಿ ಬಸ್ ಡ್ರೈವರ್ ಆಗಿ ಸೇರಬೇಕಿತ್ತು. ಪಿಎಫ್ ಇರೋ ಕೆಲಸ. ಅದು ಸಿಗಲಿ ಅಂತ ನಾನೇ ಇಬ್ಬರ ಹತ್ರ ಮಾತಾಡಿದ್ದೆ. ಲೈಸೆನ್ಸ್ ಮೇಲೆ ತಕರಾರು ಇದ್ರೆ ತಗೊಳ್ಳಲ್ಲ ಅಂತ ಕಾಲೇಜಿನವರು ಮೊದಲೇ ಹೇಳಿದ್ರು. ಎರಡನೇ ಮಗು ಹುಟ್ಟಿ ಇನ್ನೂ ಆರು ತಿಂಗಳು.

"ಹೆದರಬೇಡ ಕಣೋ, ಕೇಸು ಗೆದ್ದೇ ಗೆಲ್ತೀವಿ. ಅದು ನಮ್ಮ ಕಾರೇ ಅಲ್ಲ," ಅಂದೆ.

ಅವನು ಏನೋ ಹೇಳೋಕೆ ಬಾಯಿ ತೆರೆದ, ಜಗಲಿ ಮೇಲೆ ಕೂತಿದ್ದ ಯಜಮಾನರ ಕಡೆ ನೋಡಿದ, ಮುಚ್ಕೊಂಡ. "ನಿಮ್ಮಿಷ್ಟ ಅಕ್ಕ," ಅಂದ.

ಇದೇ ನನಗೆ ಅರ್ಥ ಆಗದ್ದು. ಕೆಲಸ ಹೋಗೋದು ಅವನದು, ಸುಳ್ಳು ಕೇಸು ಬಿದ್ದಿರೋದು ಅವನ ಮೇಲೆ, ಎಗರಾಡ್ತಿರೋಳು ಮಾತ್ರ ನಾನು. ನಿಜವಾಗ್ಲೂ ತಪ್ಪಿಲ್ಲದೆ ಇರೋನು ಹಿಂಗೆ ಸುಮ್ನಿರ್ತಾನಾ? ನನಗೆ ತಿಳಿಯದಂಗೆ ಇವನೇ ಕಾರು ತಗೊಂಡು ಹೋಗಿದ್ನಾ ಅಂತ ಅನುಮಾನ ಶುರುವಾಯ್ತು. ಒಂದಿನ ಅಂಗಳದಲ್ಲಿ ಎಲ್ಲರ ಎದುರಿಗೆ ಕೇಳೇಬಿಟ್ಟೆ.

"ಕೀ ನಿಮ್ಮ ಸೆರಗಿನ ಗಂಟಲ್ಲೇ ಇರುತ್ತಲ್ಲಕ್ಕ," ಅಂದ.

ಅದೂ ನಿಜವೇ. ತಲೆ ಕೆಟ್ಟು ಮೊಸರು ಗಡಿಗೆ ಆಯ್ತು ನನಗೆ.

ಕೋರ್ಟಿನ ದಿನ ನಾನು, ಭಾಗ್ಯಶ್ರೀ, ಮುಜಫ್ಫರ್ ಮೂವರೇ ಹೊರಟಿದ್ದು. ಯಜಮಾನರನ್ನ ಕರೆದೆ, ಮೊಣಕಾಲು ನೋವು ಅಂದ್ರು. ಅಶ್ವತ್ಥ್‌ಗೆ ಸೈಟ್ ಹತ್ರ ಕಾಂಕ್ರೀಟ್ ಹಾಕಿಸೋದಿತ್ತಂತೆ. ಹಾಳಾಗಿ ಹೋಗಲಿ ಅಂತ ಎಂದಿನ ಹಾಗೆ ಮುಂದಿನ ಸೀಟಲ್ಲಿ ಕೂತೆ. ಹಿಂದೆ ಕೂತ್ರೆ ನನಗೆ ವಾಕರಿಕೆ. ಹೆಬ್ಬಾಳದ ಹತ್ರ ಗಾಡಿಗಳು ಇರುವೆ ಸಾಲಿನ ಥರ ನಿಂತಿದ್ವು.

"ಅಕ್ಕ," ಅಂದ ಮುಜಫ್ಫರ್, ಮುಂದೆ ನೋಡ್ತಾನೇ. "ಒಂದ್ಸಲ ಚೆನ್ನಾಗಿ ನೆನಪು ಮಾಡ್ಕೊಳ್ಳಿ. ಆರ್.ಟಿ. ನಗರದ ಕಡೆ ಏನಾದ್ರೂ..."

"ಆ ಊರಿನ ಹೆಸರು ಎತ್ತಬೇಡ ಅಂತ ಹೇಳಿಲ್ವಾ ನಾನು?"

ಹಿಂದೆ ಕೂತಿದ್ದ ಭಾಗ್ಯಶ್ರೀಗೆ ಏನೂ ಗೊತ್ತಿರಲಿಲ್ಲ, ಅವಳಿಗೆ ನಾನೇ ಹೇಳಿದೆ. ಆರ್.ಟಿ. ನಗರದ ಹುಡುಗಿ ಒಬ್ಬಳ ಜೊತೆ ಅಶ್ವತ್ಥ್‌ಗೆ ಮದುವೆ ಮಾತಾಗಿತ್ತು. ನಾನೇ ಹೋಗಿ ಹೂ ಮುಡಿಸೋ ಶಾಸ್ತ್ರ ಮಾಡಿ ಬಂದಿದ್ದೆ. ಆಮೇಲೆ ಮಾರ್ಚಲ್ಲಿ, ಶಿವಾ, ನಾವು ಕೊಟ್ಟ ಸೀರೆಯನ್ನ ಮಡಿಕೆ ಬಿಚ್ಚದೆ ವಾಪಸ್ ಕಳಿಸಿದ್ರು. ಹುಡುಗಿ ಒಲ್ಲೆ ಅಂದಳಂತೆ. ಹುಡುಗ ಒಳ್ಳೆಯವನೇ, ಆ ಅತ್ತೆ ಜೊತೆ ನನ್ನ ಕೈಲಾಗಲ್ಲ ಅಂದಳಂತೆ. ಆ ಮಾತು ಕೇಳಿದ ದಿನ ನಾನು ಅನ್ನ ಮುಟ್ಟಲಿಲ್ಲ. ಇನ್ಮೇಲೆ ಈ ವಿಷಯ ಎತ್ತಿದವರು ನಮ್ಮ ಮನೇಲಿ ಇರಕೂಡದು ಅಂತ ಯಜಮಾನರಿಂದ ಹಿಡಿದು ಪಾತ್ರೆ ತೊಳೆಯೋಳವರೆಗೂ ಸಾರಿಬಿಟ್ಟೆ.

"ಆ ರಾಮಾಯಣ ನಡೆದಿದ್ದು ಮಾರ್ಚಲ್ಲಿ. ಈ ಫೆಬ್ರವರಿ ನೋಟೀಸಿಗೂ ಅದಕ್ಕೂ ಏನು ಸಂಬಂಧ?" ಅಂದೆ. ಕನ್ನಡೀಲಿ ಭಾಗ್ಯಶ್ರೀ ಮುಜಫ್ಫರ್ ಮುಖವನ್ನೇ ನೋಡ್ತಿದ್ದಳು.

ಕೋರ್ಟಲ್ಲಿ ಸಂತೆ. ಕುಡಿದು ಓಡಿಸಿ ಸಿಕ್ಕಿಬಿದ್ದವರೆಲ್ಲ ಮದುವೆ ಗಂಡಿನ ಥರ ತಲೆ ತಗ್ಗಿಸ್ಕೊಂಡು ಸಾಲಾಗಿ ನಿಂತಿದ್ರು. ಯಾವ ಬಾಗಿಲು, ಯಾವ ಮಹಡಿ, ಯಾರ ಹತ್ರ ಸಹಿ, ಒಂದೂ ತಿಳೀಲಿಲ್ಲ. ಒಬ್ಬರು ಕೆಳಗೆ ಹೋಗಿ ಅಂದ್ರು, ಕೆಳಗಿನವರು ನಿಮ್ಮನ್ನ ಯಾರು ಇಲ್ಲಿಗೆ ಕಳಿಸಿದ್ರು ಅಂದ್ರು. ಎರಡು ಗಂಟೆ ಕಾದಮೇಲೆ ಜವಾನ ನನ್ನ ಹೆಸರು ಕೂಗಿದ.

ಮ್ಯಾಜಿಸ್ಟ್ರೇಟು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಅರ್ಜಿ ಅವರ ಮುಂದಿತ್ತು, ಪೂರ್ತಿ ಓದಿದ್ರು ಅಂತ ಕಾಣುತ್ತೆ.

"ಶುಕ್ರವಾರ ನಿಮ್ಮ ಕಾರು ಹೊರಗೆ ಹೋಗೋದೇ ಇಲ್ಲವಾ?" ಅಂತ ಕೇಳಿದ್ರು.

"ಇಲ್ಲ ಮೇಡಂ. ದೇವರಾಣೆ."

"ಆಣೆ ಎಲ್ಲ ಬೇಡಮ್ಮ. ಫೋಟೋ ನೋಡಿದ್ದೀರಾ?"

"ನಂಬರ್ ಪ್ಲೇಟಿಂದು ನೋಡಿದೀನಿ."

ಅವರು ಪೊಲೀಸಿನವರಿಗೆ ಸನ್ನೆ ಮಾಡಿದ್ರು. ಅವರು ಕಂಪ್ಯೂಟರ್ ಪರದೆಯನ್ನ ನನ್ನ ಕಡೆ ತಿರುಗಿಸಿದ್ರು. ಇದು ಪೂರ್ತಿ ಫೋಟೋ, ಕಾರಿನ ಮುಂಭಾಗದ್ದು. ಗಾಜಿನ ಹಿಂದೆ ಮುಜಫ್ಫರ್ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡ್ಕೊಂಡು ಬಿಗಿಯಾಗಿ ಕೂತಿದಾನೆ. ಅವನ ಪಕ್ಕದಲ್ಲಿ ನವಿಲು ಬಣ್ಣದ ರೇಷ್ಮೆ ಸೀರೆ ಉಟ್ಟ ಒಬ್ಬಳು ಹೆಂಗಸು. ತೊಡೆ ಮೇಲೆ ಹೂವಿನ ತಟ್ಟೆ. ಒಂದು ಕೈ ಮುಂದಕ್ಕೆ ಚಾಚಿ ಬೆರಳು ತೋರಿಸ್ತಿದಾಳೆ, ಬಾಯಿ ಇಷ್ಟಗಲ ತೆರೆದಿದೆ.

ಯಾರಪ್ಪಾ ಈ ಬಜಾರಿ ಅಂದ್ಕೊಂಡೆ. ಸತ್ಯವಾಗ್ಲೂ ಹಂಗೇ ಅಂದ್ಕೊಂಡೆ. ಆಮೇಲೆ ಕೈಬಳೆ ಗುರುತು ಸಿಕ್ತು.

ಸೀರೆ ವಾಪಸ್ ಬಂದಿದ್ದು ಮಾರ್ಚಲ್ಲಿ, ಆದ್ರೆ ಹೂ ಮುಡಿಸೋಕೆ ಹೋಗಿದ್ದು ಅದಕ್ಕೆ ಮೂರು ವಾರ ಮುಂಚೆ, ಫೆಬ್ರವರೀಲಿ. ಶುಕ್ರವಾರವೇ. ಬೀಗರು ಆಗೋರು ಬೇರೆ ದಿನ ಒಪ್ಪಲಿಲ್ಲ ಅಂತ ಬೆಳಗಿನ ಜಾವ ಐದಕ್ಕೇ ಲಕ್ಷ್ಮಿ ಪೂಜೆ ಮುಗಿಸಿ, ಈ ಒಂದು ಸಲ ತಪ್ಪಾಯ್ತು ತಾಯಿ ಅಂತ ಕೈಮುಗಿದು ಕಾರು ಹತ್ತಿದ್ದೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಹುಡುಗಿ ಮನೆ ಹೊಸಿಲು ದಾಟಬೇಕಿತ್ತು. ಹೊರಡೋದು ತಡ ಆಗಿದ್ದೂ ನನ್ನಿಂದಲೇ, ಕನಕಾಂಬರ ಸಾಲದು ಅಂತ ಮತ್ತೆ ಯಲಹಂಕಕ್ಕೆ ಕಳಿಸಿದ್ದೆ.

ಎಲ್ಲ ಒಂದೊಂದಾಗಿ ಕಿವಿಗೆ ಬಂತು. "ಓಡ್ಸೋ, ಇನ್ನು ಹದಿನೆಂಟೇ ನಿಮಿಷ." "ಅಕ್ಕ, ಎಂಬತ್ತಾಗಿದೆ." "ಎಂಬತ್ತಾದ್ರೇನು, ರಸ್ತೆ ಖಾಲಿ ಇಲ್ವಾ?" "ಅಕ್ಕ, ಮುಂದೆ ಕ್ಯಾಮೆರಾ ಇದೆ." "ಇದ್ರೆ ಇರಲಿ ಬಿಡೋ, ಒಳ್ಳೆ ಸೀರೆ ಉಟ್ಟಿದೀನಿ, ಫೋಟೋ ಚೆನ್ನಾಗಿ ಬರುತ್ತೆ!" ಹಿಂದಿನ ಸೀಟಲ್ಲಿ ಯಜಮಾನರು, ಅಶ್ವತ್ಥ್. ಇಬ್ಬರೂ ಉಸಿರೆತ್ತಲಿಲ್ಲ ಅವತ್ತು. ಕ್ಯಾಲೆಂಡರಿನ ಫೆಬ್ರವರಿ ಹಾಳೆಯನ್ನ ಹರಿದು ಒಲೆಗೆ ಹಾಕಿದ್ದೂ ನಾನೇ, ಸೀರೆ ವಾಪಸ್ ಬಂದ ದಿನ.

ಹಂಗಾದ್ರೆ ಇಷ್ಟು ದಿನ ಎಲ್ಲರಿಗೂ ಗೊತ್ತಿತ್ತು.

"ಏನಮ್ಮ, ಈಗ ಏನು ಹೇಳ್ತೀರಿ?" ಅಂದ್ರು ಮ್ಯಾಜಿಸ್ಟ್ರೇಟು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಅವರು ಮುಜಫ್ಫರ್ ಕಡೆ ತಿರುಗಿದ್ರು. "ಓಡಿಸ್ತಾ ಇರೋದು ನೀವೇನಾ? ಒಪ್ಕೊಳ್ತೀರಾ?"

ಮುಜಫ್ಫರ್ ಒಂದು ಹೆಜ್ಜೆ ಮುಂದೆ ಬಂದು ಕೈ ಕಟ್ಕೊಂಡ. "ನಾನೇ ಮೇಡಂ. ಒಪ್ಕೋತೀನಿ." ಅಷ್ಟೇ. ಇನ್ನೊಂದು ಅಕ್ಷರ ಆಡಲಿಲ್ಲ.

ಗುಮಾಸ್ತರು ಬರ್ಕೊಳ್ಳೋಕೆ ಶುರು ಮಾಡಿದ್ರು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನ್ನ ಮನಸ್ಸಿಗೆ ಬಂದಿದ್ದು, ಅಬ್ಬಾ, ಬಚಾವಾದೆ ಅಂತ. ಸುಮ್ನೆ ನಿಂತಿದ್ರೆ ಸಾಕಿತ್ತು, ಮುಗಿದುಹೋಗ್ತಿತ್ತು. ಅವನ ಕಿವಿ ಹಿಂದೆ ಬೆವರು ಇಳೀತಿತ್ತು. ಅದು ಕಾಣಿಸ್ತು. ನನಗೆ ತಡೆಯೋಕಾಗಲಿಲ್ಲ.

"ನಿಲ್ಲಿಸ್ರೀ ಸ್ವಾಮಿ, ಬರೀಬೇಡಿ!" ಅಂದೆ. ಕೋರ್ಟೆಲ್ಲ ತಿರುಗಿ ನೋಡ್ತು. "ಪಕ್ಕದಲ್ಲಿ ಬಾಯಿ ಬಿಟ್ಕೊಂಡು ಕೂತಿರೋಳು ನಾನು, ಮೇಡಂ. ಇವನು ಬೇಡ ಬೇಡ ಅಂದ. ರಾಹುಕಾಲ ಬರುತ್ತೆ ಓಡ್ಸು ಅಂತ ಬೈದು ಬೈದು ಓಡಿಸಿದ್ದು ನಾನು. ಕ್ಯಾಮೆರಾ ಇದೆ ಅಂತಾನೂ ಹೇಳಿದ. ನಾನು ಕೇಳಲಿಲ್ಲ. ಆಮೇಲೆ ಮರೆತೂಬಿಟ್ಟೆ, ಮರೆತು ಇವನ ಮೇಲೇ ಅನುಮಾನ ಪಟ್ಟೆ. ಬರ್ಕೊಳ್ಳೋದಾದ್ರೆ ನನ್ನ ಹೆಸರು ಬರ್ಕೊಳ್ಳಿ."

ಹಿಂದೆ ಯಾರೋ ನಕ್ಕರು. ಭಾಗ್ಯಶ್ರೀ ಎದ್ದು ನಿಂತು, ಈ ಸೆಕ್ಷನ್ನಿನಲ್ಲಿ ಜೋರಾಗಿ ಓಡಿಸಿದವರು ಮಾತ್ರವಲ್ಲ, ಕೈಕೆಳಗಿನ ನೌಕರನಿಂದ ಹಾಗೆ ಓಡಿಸಿದವರೂ ತಪ್ಪಿತಸ್ಥರೇ ಅಂತ ಪುಸ್ತಕದ ಕನ್ನಡದಲ್ಲಿ ಚೆನ್ನಾಗಿ ಹೇಳಿದಳು. ಮ್ಯಾಜಿಸ್ಟ್ರೇಟು ಹೌದೆಂದು ತಲೆ ಆಡಿಸಿ ಮುಜಫ್ಫರ್‌ನ ಕೇಳಿದ್ರು, "ಇವರು ಹೇಳೋದು ನಿಜಾನಾ?"

ಅವನು ನನ್ನ ಮುಖ ನೋಡಿದ. ನಿಜ ಹೇಳೋಕೆ ಅಪ್ಪಣೆ ಕೇಳ್ತಿದ್ದ, ಕೋರ್ಟಲ್ಲಿ, ನ್ಯಾಯಾಧೀಶರ ಎದುರಿಗೆ. ಅಪ್ಪಣೆ ಕೊಡಬೇಕಾದವಳು ನಾನು.

"ಹೇಳಪ್ಪ," ಅಂದೆ.

"ನಿಜ ಮೇಡಂ," ಅಂದ, ಕೇಳಿಸೋ ಹಾಗೂ ಇರಲಿಲ್ಲ.

ದಂಡ ನನ್ನ ಹೆಸರಿಗೇ ಬರೆದ್ರು. ಯಜಮಾನಿ ಹೇಳಿದ್ರೂ ಕಾಲು ನಿಮ್ಮದೇ ಅಲ್ವಾ, ಇನ್ಮೇಲೆ ಜೋಪಾನ ಅಂತ ಅವನಿಗೆ ಎಚ್ಚರಿಕೆ ಕೊಟ್ಟು, ಅವನ ಹೆಸರನ್ನ ಕೇಸಿಂದ ಕೈಬಿಟ್ರು. ನನಗೆ ಮಾತ್ರ, "ಅಮ್ಮ, ಇಂಥ ಅರ್ಜಿ ಬರೆಯೋಕೆ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ," ಅಂದ್ರು. ಕೇಳಿದ್ದೆ ಮೇಡಂ, ಎಲ್ಲರನ್ನೂ ಕೇಳಿದ್ದೆ ಅಂತ ಬಾಯಿ ತುದಿಗೆ ಬಂತು. ನುಂಗ್ಕೊಂಡೆ.

ಹೊರಗೆ ಮೆಟ್ಟಿಲ ಮೇಲೆ ಕೂತೆ. ಭಾಗ್ಯಶ್ರೀ ಆದೇಶದ ನಕಲು ತರೋಕೆ ಒಳಗಿದ್ದಳು. ಮುಜಫ್ಫರ್ ಹೆಂಡತಿಗೆ ಫೋನ್ ಮಾಡಿ ಏನೂ ಆಗಲಿಲ್ಲ, ಏನೂ ಆಗಲಿಲ್ಲ ಅಂತ ಮತ್ತೆ ಮತ್ತೆ ಹೇಳ್ತಿದ್ದ. ಮಾತು ಮುಗಿಸಿ ನನಗೆ ಒಂದು ನೀರಿನ ಬಾಟ್ಲಿ ತಂದುಕೊಟ್ಟ.

"ನನ್ನ ಕುತ್ತಿಗೆ ಹಿಡ್ಕೊಂಡು ಹೇಳಬಾರದಿತ್ತೇನೋ? ನಿನ್ನ ಅನ್ನದ ಪ್ರಶ್ನೆ ಕಣೋ ಇದು."

"ಮೂರು ಸಲ ಹತ್ರ ಬಂದೆ ಅಕ್ಕ. ಮನೇಲಿ ಸಾಹೇಬ್ರು ಬೇಡ ಅಂತ ಸನ್ನೆ ಮಾಡಿದ್ರು." "ಕಾಲೇಜ್ ಕೆಲಸ ಹೋದ್ರೆ ಇನ್ನೊಂದು ಹುಡುಕಬಹುದು. ನೀವು ಕೋಪ ಮಾಡ್ಕೊಂಡ್ರೆ ಈ ಕೆಲಸಾನೂ ಹೋಗುತ್ತಲ್ಲ."

ಮನೆಯವರು ನನಗೆ ಹೆದರ್ತಾರೆ ಅಂತ ನನಗೆ ಗೊತ್ತಿಲ್ಲದೇನಿಲ್ಲ. ಒಳಗೊಳಗೇ ಹೆಮ್ಮೆಯೂ ಇತ್ತು, ನಾನಿಲ್ಲ ಅಂದ್ರೆ ಈ ಮನೆ ನಡೆಯಲ್ಲ ಅಂತ. ಆದ್ರೆ ನನ್ನ ಗಂಡ, ನನ್ನ ಹೊಟ್ಟೇಲಿ ಹುಟ್ಟಿದ ಮಗ, ಅದೇ ಕಾರಲ್ಲಿ ಕೂತಿದ್ದವರು, ನನ್ನ ಬೈಗುಳ ತಪ್ಪಿಸ್ಕೊಳ್ಳೋಕೆ ಒಬ್ಬ ಬಡವನ ಅನ್ನ ಹೋದ್ರೂ ಹೋಗಲಿ ಅಂತ ಸುಮ್ನಿದ್ರು. ಅವರ ಮೇಲೆ ರೇಗಿಹೋಯ್ತು ನನಗೆ. ಇವತ್ತು ಮನೆಗೆ ಹೋದಮೇಲೆ ಇದೆ ಅವರಿಗೆ ಅಂತ ಅಂದ್ಕೊಂಡೆ. ಫೋನ್ ತೆಗೆದು ಯಜಮಾನರಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದ್ರು.

"ಏನಾಯ್ತೇ?"

"ಮುಜಫ್ಫರ್‌ಗೆ ಏನೂ ಆಗಲಿಲ್ಲ."

"ಅಬ್ಬ, ದೇವ್ರು ದೊಡ್ಡೋನು," ಅಂದ್ರು. ಅವರ ಉಸಿರು ಹಗುರಾಗಿದ್ದು ನನಗೆ ಕೇಳಿಸ್ತು.

"ಏನ್ರೀ, ಅವತ್ತು ಕಾರಲ್ಲಿ ನಾವೆಲ್ಲ ಇದ್ವಿ. ನಾನೇ ಓಡ್ಸು ಅಂದಿದ್ದು. ನಿಮಗೆ ಗೊತ್ತಿತ್ತಲ್ವಾ?"

ಟಿವಿ ಆರಿಸಿದ್ದು ಕೇಳಿಸ್ತು. ಯಜಮಾನರು ತುಂಬ ಹುಷಾರಾಗಿ, ಮೆಲ್ಲಗೆ ಕೇಳಿದ್ರು.

"ಯಾವತ್ತು?"

ಬೈಬೇಕು ಅಂತ ತೆರೆದ ಬಾಯಿ ಹಂಗೇ ಇತ್ತು. ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು ನಮಗೆ.